ನೆಲಮಾಳಿಗೆಯಲ್ಲೊಂದು ಮರಗೆಲಸದ ಪೀಠ

ಜರ್ಮನಿಯಲ್ಲಿ ಒಂದು ಮನೆತನದ ನಿಜವಾದ ಪರಿಚಯವಾಗಬೇಕಾದರೆ ಹಜಾರದಲ್ಲಿ ಕುಳಿತು ಕಾಫಿ ಕುಡಿದರೆ ಸಾಲದು. ನೆಲಮಾಳಿಗೆಗೆ ಇಳಿದು ನೋಡಬೇಕು. ಇವರು ‘ಕೆಲ್ಲರ್’ ಎಂದು ಕರೆಯುವ ಆ ತಂಪಾದ ಕೋಣೆಯ ಒಂದು ಮೂಲೆಯಲ್ಲಿ ಆಲೂಗೆಡ್ಡೆಯ ಬುಟ್ಟಿ, ಇನ್ನೊಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಯಂತ್ರ, ಕಿಟಕಿಯ ಬೆಳಕು ಬೀಳುವ ಕಡೆ ಒಂದು ಭಾರವಾದ ಮರದ ಮೇಜು. ಆ ಮೇಜಿನ ಹೆಸರು ‘ಹೋಬೆಲ್‌ಬಾಂಕ್’. ಹೋಬೆಲ್ ಎಂದರೆ ನಮ್ಮ ಉಜ್ಜುಗೊರಡು, ಬಾಂಕ್ ಎಂದರೆ ಬೆಂಚು. ವೈದ್ಯರಿರಲಿ, ಬ್ಯಾಂಕಿನ ಅಧಿಕಾರಿಯಿರಲಿ, ನಿವೃತ್ತ ಶಿಕ್ಷಕರಿರಲಿ, ತಮ್ಮ ಕೈಯಾರೆ ಮಾಡಿದ ಪುಸ್ತಕದ ಕಪಾಟನ್ನು ತೋರಿಸುವಾಗ ಅವರ ಮುಖದಲ್ಲಿ ಮೂಡುವ ಸಂತೋಷವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂತಹ ಒಂದು ಪೀಠ ನಮ್ಮ ಮನೆಗೂ ಬಂದೀತೆಂದು ಮಾತ್ರ ಎಣಿಸಿರಲಿಲ್ಲ.

2000ದ ಆಗಸ್ಟ್‌ನಲ್ಲಿ ಜರ್ಮನ್ ಸರ್ಕಾರ ಕಂಪ್ಯೂಟರ್ ತಜ್ಞರಿಗಾಗಿ ‘ಗ್ರೀನ್ ಕಾರ್ಡ್’ ಯೋಜನೆಯನ್ನು ಆರಂಭಿಸಿತು. ಅದರ ಮರುವರ್ಷ ನಮ್ಮ ಯಜಮಾನರೊಡನೆ ನಾನು ಎರ್ಲಾಂಗೆನ್ ನಗರಕ್ಕೆ ಬಂದೆ. ಮಗಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲಿಯೇ. 2020ರಲ್ಲಿ ಆಕೆ ಶಾಲೆಯ ಕೊನೆಯ ಪರೀಕ್ಷೆಯಾದ ‘ಆಬಿಟೂರ್’ ಮುಗಿಸಿದಾಗ ಎಂಜಿನಿಯರಿಂಗೋ ವೈದ್ಯಕೀಯವೋ ಎಂಬುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳು, “ಅಮ್ಮ, ನಾನು ಷ್ರೈನರ್ ಆಗ್ತೀನಿ” ಎಂದಳು. ಷ್ರೈನರ್ ಎಂದರೆ ಬಡಗಿ. ಉತ್ತರ ಜರ್ಮನಿಯಲ್ಲಿ ಇದನ್ನೇ ‘ಟಿಷ್ಲರ್’ ಎನ್ನುತ್ತಾರೆ. ಯಜಮಾನರು ತಟ್ಟೆಯಿಂದ ತಲೆಯೆತ್ತಲಿಲ್ಲ. ನಾನು ಎರಡನೆಯ ಸಲ ಸಾರು ಬಡಿಸಿದೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ತೋಚಲಿಲ್ಲ.

ಈ ದೇಶದಲ್ಲಿ ಅದು ನಾಚಿಕೊಳ್ಳುವ ಮಾತೇನಲ್ಲ. ಮೂರು ವರ್ಷಗಳ ತರಬೇತಿ. ಕಾರ್ಯಾಗಾರದಲ್ಲಿ ಕೆಲಸ, ಜೊತೆಯಲ್ಲಿ ವೃತ್ತಿಶಾಲೆಯ ಪಾಠ. ನಾವಿರುವ ಬವೇರಿಯದಲ್ಲಿ ಮರಗೆಲಸದ ಮೊದಲ ವರ್ಷವನ್ನು ಸಾಮಾನ್ಯವಾಗಿ ಶಾಲೆಯಲ್ಲಿಯೇ ಕಳೆಯಬೇಕು. ಕೊನೆಯಲ್ಲಿ ವಿದ್ಯಾರ್ಥಿ ತಾನೇ ರೇಖಿಸಿ ತಾನೇ ಮಾಡಿದ ಒಂದು ಪೀಠೋಪಕರಣವನ್ನು ಪರೀಕ್ಷಕರ ಮುಂದಿಡಬೇಕು. ಅನಂತರವೂ ಓದಿ ‘ಮೈಸ್ಟರ್’ ಎಂಬ ಪದವಿ ಪಡೆದವರು ಸ್ವಂತ ಕಾರ್ಯಾಗಾರ ತೆರೆಯಬಹುದು. 2004ರಲ್ಲಿ ಹಲವು ಕಸುಬುಗಳಿಗೆ ಈ ನಿಯಮ ಸಡಿಲವಾದಾಗಲೂ ಮರಗೆಲಸಕ್ಕೆ ಸಡಿಲವಾಗಲಿಲ್ಲ. ಇದೆಲ್ಲ ನನಗೆ ತಿಳಿದಿತ್ತು. ಆದರೂ ಆ ವರ್ಷ ಊರಿನಿಂದ ದೂರವಾಣಿ ಬಂದಾಗಲೆಲ್ಲ “ಮಗಳು ಡಿಸೈನ್ ಓದುತ್ತಿದ್ದಾಳೆ” ಎಂದು ಹೇಳುತ್ತಿದ್ದೆ.

ಆ ಸುಳ್ಳಿನ ಬೇರು ಶಿವಮೊಗ್ಗ ಜಿಲ್ಲೆಯ ನಮ್ಮ ತವರುಮನೆಯ ಜಗಲಿಯಲ್ಲಿತ್ತು. ನನ್ನ ಮದುವೆಗೆ ಮುಂಚೆ ಮೂರು ತಿಂಗಳ ಕಾಲ ಒಬ್ಬ ಆಚಾರಿ ನಮ್ಮ ಜಗಲಿಯಲ್ಲಿ ಕುಳಿತು ಹೊಸ ಬಾಗಿಲುಗಳನ್ನೂ ಒಂದು ಹಲಸಿನ ಮರದ ಮಂಚವನ್ನೂ ಮಾಡಿದರು. ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಿಂದ ಒತ್ತಿ ಹಿಡಿದು, ಬಾಚಿಯಿಂದ ಕೆತ್ತುತ್ತಿದ್ದರು. ಹೆಬ್ಬೆರಳಿನಿಂದ ಅಂಗುಲದಷ್ಟು ದೂರದಲ್ಲಿ ಉಳಿ ಓಡಾಡುತ್ತಿತ್ತು. ಅವರ ಕಾಫಿಯ ಲೋಟ ಜಗಲಿಯ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಬಿ.ಎ. ಓದುತ್ತಿದ್ದ ನಾನು ಆ ಲೋಟಕ್ಕೆ ಎತ್ತರದಿಂದ ಕಾಫಿ ಹೊಯ್ದವಳು. ಅದು ತಪ್ಪೆಂದು ಆಗ ನನಗೆ ತೋರಲಿಲ್ಲವೆಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು.

2020–21ರ ಚಳಿಗಾಲದಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದವು. ಕೈಗೆಲಸವನ್ನು ಗಣಕದ ಪರದೆಯ ಮೇಲೆ ಕಲಿಯಲಾದೀತೆ? ಅಭ್ಯಾಸಕ್ಕೆ ಮನೆಯಲ್ಲಿಯೇ ಒಂದು ಪೀಠ ಬೇಕೆಂದಳು ಮಗಳು. ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕಾಗಿತ್ತು; ಮನೆಯಲ್ಲಿ ಬಿಡುವಿದ್ದದ್ದು ನನಗೆ. ಹೀಗೆ ಐವತ್ತರ ಅಂಚಿನಲ್ಲಿ ನಾನು ಗರಗಸ ಹಿಡಿದೆ.

ಮೊದಲು ನಿರ್ಧಾರವಾಗಬೇಕಾದದ್ದು ಎತ್ತರ. ನೆಟ್ಟಗೆ ನಿಂತು ತೋಳನ್ನು ಇಳಿಬಿಟ್ಟು ಅಂಗೈಯನ್ನು ನೆಲಕ್ಕೆ ಸಮನಾಗಿ ಮಡಿಸಿದರೆ ಅದು ಎಲ್ಲಿ ನಿಲ್ಲುವುದೋ ಅದೇ ಉಜ್ಜುಗೊರಡಿನ ಕೆಲಸಕ್ಕೆ ಒಪ್ಪುವ ಎತ್ತರ. ತೋಳಿನ ಬಲಕ್ಕೆ ಮೈಯ ಭಾರವೂ ಸೇರಬೇಕಾದದ್ದರಿಂದ ಈ ನಿಯಮ. ಅಂಗಡಿಯ ಸಿದ್ಧ ಪೀಠಗಳು ಇಲ್ಲಿನವರ ಮೈಕಟ್ಟಿಗೆ ತಕ್ಕವು, ಸುಮಾರು 85ರಿಂದ 90 ಸೆಂ.ಮೀ. ಎತ್ತರ. ಐದಡಿಯ ನನಗೆ ಅಡುಗೆಮನೆಯ ಕಟ್ಟೆಯೇ ಎತ್ತರವಾಗಿ ಇಪ್ಪತ್ತು ವರ್ಷ ಭುಜ ನೋಯಿಸಿಕೊಂಡಿದ್ದೆ. ನಮ್ಮ ಪೀಠವನ್ನು 80 ಸೆಂ.ಮೀ.ಗೆ ಇಳಿಸಿ, ಉದ್ದ ಬೆಳೆದ ಮಗಳಿಗಾಗಿ ಕಾಲುಗಳ ಕೆಳಗೆ ಇಡುವ ದಿಮ್ಮಿಗಳನ್ನು ಬೇರೆಯಾಗಿ ಮಾಡಿದೆವು.

ಎರಡನೆಯದು ಭಾರ. ಹಗುರವಾದ ಮೇಜು ಉಜ್ಜುಗೊರಡಿನೊಡನೆ ತಾನೂ ಓಡುತ್ತದೆ. ಇಲ್ಲಿನ ಪೀಠಗಳಿಗೆ ರೂಢಿಯ ಮರವೆಂದರೆ ‘ಬೂಖೆ’, ಇಂಗ್ಲಿಷಿನವರ ಬೀಚ್. ಒತ್ತಾದ ನಾರು, ಗಟ್ಟಿತನ, ಸಾಧಾರಣ ಬೆಲೆ ಮೂರೂ ಅದರಲ್ಲಿ ಕೂಡಿವೆ. ಪಟ್ಟಿಗಳನ್ನು ಬಿಳಿ ಅಂಟಿನಿಂದ ಪಕ್ಕಪಕ್ಕಕ್ಕೆ ಜೋಡಿಸಿ, ಅಡ್ಡ ಬಿಗಿಯುವ ಹಿಡಿಕೆಗಳನ್ನು ಗೇಣಿಗೊಂದರಂತೆ ತೊಡಿಸಿ, ಒಂದು ರಾತ್ರಿ ಬಿಟ್ಟೆವು. 160 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 6 ಸೆಂ.ಮೀ. ದಪ್ಪದ ಆ ಹಲಗೆಯೊಂದೇ ಸುಮಾರು 40 ಕಿಲೋ ತೂಗಿತು. ಕಾಲುಗಳ ಚೌಕಟ್ಟನ್ನು ಬೋಲ್ಟುಗಳಿಂದ ಜೋಡಿಸಿದೆವು. ಮನೆ ಬದಲಿಸುವ ಕಾಲ ಬಂದರೆ ಕೆಲ್ಲರಿನ ಕಿರಿದಾದ ಮೆಟ್ಟಿಲಿನಲ್ಲಿ ಬಿಚ್ಚಿ ಸಾಗಿಸಬೇಕಲ್ಲವೇ?

ಮೂರನೆಯದು ಹಿಡಿತ, ಪೀಠದ ಪ್ರಾಣವೇ ಅದು. ಮುಂಭಾಗದಲ್ಲಿ ಒಂದು ವೈಸು, ಬಲತುದಿಯಲ್ಲಿ ಇನ್ನೊಂದು. ಹಲಗೆಯ ಮುಂಚಿನಲ್ಲಿ ಸಾಲಾಗಿ ಚೌಕ ರಂಧ್ರಗಳು, ಅವುಗಳಲ್ಲಿ ಏರಿಳಿಯುವ ಗೂಟಗಳು. ಬಲತುದಿಯ ವೈಸಿನ ಗೂಟಕ್ಕೂ ಸಾಲಿನ ಗೂಟಕ್ಕೂ ನಡುವೆ ಮರವನ್ನಿಟ್ಟು ತಿರುಪು ತಿರುಗಿಸಿದರೆ ಮೇಲ್ಮೈಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಅದು ಅಲುಗಾಡದೆ ನಿಲ್ಲುತ್ತದೆ; ಎರಡು ಕೈಗಳೂ ಉಪಕರಣಕ್ಕೆ ಬಿಡುವಾಗುತ್ತವೆ.

ಈ ತಿರುಪಿನ ಹಿಡಿತ ಬಹು ಹಳೆಯದು. ನಮ್ಮ ನೆರೆಯ ನ್ಯೂರ್ನ್‌ಬೆರ್ಗ್ ನಗರದ ಮಾರ್ಟಿನ್ ಲೋಫೆಲ್‌ಹೋಲ್ಟ್ಸ್ ಎಂಬವನ 1505ರ ಹಸ್ತಪ್ರತಿಯಲ್ಲಿ ತಿರುಪಿನಿಂದ ಮರ ಬಿಗಿಯುವ ಪೀಠದ ಚಿತ್ರವಿದೆ. ಆ ಹಸ್ತಪ್ರತಿ ಈಗ ಪೋಲೆಂಡಿನ ಕ್ರಾಕೋವ್ ನಗರದ ಯಾಗಿಯೆಲ್ಲೋನಿಯನ್ ಗ್ರಂಥಾಲಯದಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ, ಫ್ರಾಂಕ್‌ಫುರ್ಟ್ ಬಳಿಯ ಸಾಲ್‌ಬುರ್ಗ್ ಎಂಬ ರೋಮನ್ ಕೋಟೆಯ ಬಾವಿಯಲ್ಲಿ ಕ್ರಿ.ಶ. 2ನೆಯ ಶತಮಾನದ ಒಂದು ಪೀಠವೇ ಸಿಕ್ಕಿದೆ. ಅದು ಮಣೆಗಿಂತ ಸ್ವಲ್ಪ ಎತ್ತರದ, ಗಿಡ್ಡ ಕಾಲಿನ ಹಲಗೆ. ಕೆಲಸಗಾರ ಅದರ ಮೇಲೆ ಕುಳಿತು ತನ್ನ ಮೈಭಾರದಿಂದಲೇ ಮರವನ್ನು ಅದುಮಿ ಹಿಡಿಯಬಹುದಾಗಿತ್ತು. ಅದರ ಚಿತ್ರ ನೋಡಿದಾಗ ನನಗೆ ನಮ್ಮ ಜಗಲಿ ನೆನಪಾಯಿತು. ಆಚಾರಿಯವರ ನೆಲದ ಕೆಲಸವನ್ನು ಹಿಂದುಳಿದ ಪದ್ಧತಿಯೆಂದು ನಾನು ತಿಳಿದಿದ್ದೆ. ಆದರೆ ಈ ದೇಶದಲ್ಲೂ ಒಂದು ಕಾಲಕ್ಕೆ ಕುಳಿತೇ ಕೆಲಸ ಮಾಡುತ್ತಿದ್ದರು. ಎರಡು ವೈಸುಗಳು ಇಲ್ಲಿ ಮಾಡುವ ಕೆಲಸವನ್ನು ನಮ್ಮ ಆಚಾರಿಯವರು ಎರಡು ಪಾದಗಳಿಂದ ಮಾಡಿ ಮುಗಿಸುತ್ತಿದ್ದರು.

ನಮ್ಮ ತಪ್ಪೊಂದನ್ನು ಓದುಗರ ಉಪಯೋಗಕ್ಕಾಗಿ ಹೇಳಬೇಕು. ಮೇಲುಹಲಗೆಯನ್ನು ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂಗಳಿಂದ ಭದ್ರವಾಗಿ ಬಿಗಿದಿದ್ದೆವು. ಭದ್ರತೆಯೇ ಒಳ್ಳೆಯದೆಂಬ ವಾದ ನನ್ನದು. ಮುಂದಿನ ಚಳಿಗಾಲ ಕೆಲ್ಲರಿಗೆ ಹೀಟರ್ ಹಾಕಿದ ಎರಡನೆಯ ವಾರ, ರಾತ್ರಿ ಕೋವಿ ಹಾರಿಸಿದಂತಹ ಸದ್ದು. ಹೋಗಿ ನೋಡಿದರೆ ಹಲಗೆಯಲ್ಲಿ ಗೇಣುದ್ದದ ಬಿರುಕು! “ಹೋಲ್ಟ್ಸ್ ಆರ್ಬೈಟೆಟ್” ಎಂಬುದು ಇಲ್ಲಿನ ಬಡಗಿಗಳ ನಿತ್ಯದ ಮಾತು; ಮರ ಕೆಲಸ ಮಾಡುತ್ತಿರುತ್ತದೆ ಎಂದರ್ಥ. ಕಡಿದು ಒಣಗಿಸಿದ ಮರವೂ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಗಮನಕ್ಕೆ ಬಾರದಷ್ಟು ಅಲ್ಪ. ಅಗಲದಲ್ಲಿ ಮಾತ್ರ 60 ಸೆಂ.ಮೀ. ಬೀಚ್ ಹಲಗೆ ಋತುವಿನಿಂದ ಋತುವಿಗೆ ಅರ್ಧ ಸೆಂಟಿಮೀಟರಿನಷ್ಟು ಬದಲಾಗಬಲ್ಲದು. ಕುಗ್ಗಲು ಜಾಗ ಕೊಡದಿದ್ದರೆ ಬಿರಿಯುತ್ತದೆ. ಸ್ಕ್ರೂಗಳಿಗೆ ದುಂಡು ರಂಧ್ರದ ಬದಲು ಅಗಲದ ದಿಕ್ಕಿನಲ್ಲಿ ಉದ್ದನೆಯ ಸೀಳು ರಂಧ್ರ ಕೊರೆದು, ಬಿರುಕಿಗೆ ಅಂಟು ತುಂಬಿ ಸರಿಪಡಿಸಿದೆವು. ಆ ಕೆಲಸದ ನಡುವೆ ಮಗಳು ನನ್ನನ್ನು ನೋಡಿ ನಕ್ಕಳೇ ಹೊರತು ಏನೂ ಹೇಳಲಿಲ್ಲ. ಅವಳು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ಅಂದಿನ ರಾತ್ರಿಯೇ ಊರಿಗೆ ದೂರವಾಣಿ ಮಾಡಿ, “ಅವಳು ಬಡಗಿಯ ಕೆಲಸ ಕಲಿಯುತ್ತಿದ್ದಾಳೆ” ಎಂದು ನಮ್ಮಣ್ಣನಿಗೆ ತಿಳಿಸಿದೆ.

ಪೀಠವಾದ ಮೇಲೆ ಉಳಿದ ಅನುಕೂಲಗಳು ಒಂದೊಂದಾಗಿ ಬಂದವು. ಗೋಡೆಗೆ ಒಂದು ಇಳಿಜಾರು ಪಟ್ಟಿ, ಕಪಾಟಿನ ಬೆನ್ನಿಗೆ ಅದಕ್ಕೆ ಎದುರು ಇಳಿಜಾರಿನ ಇನ್ನೊಂದು ಪಟ್ಟಿ. ಒಂದರ ಮೇಲೊಂದು ಕೂರಿಸಿದರೆ ಕಪಾಟು ತನ್ನ ಭಾರದಿಂದಲೇ ಗಟ್ಟಿಯಾಗಿ ನಿಲ್ಲುತ್ತದೆ, ಬೇಕೆಂದಾಗ ಎತ್ತಿ ತೆಗೆಯಬಹುದು. ಗೋಡೆಯ ಪಟ್ಟಿಯನ್ನು ಹಿಡಿದಿರುವುದು ಆರ್ಟೂರ್ ಫಿಷರ್ 1958ರಲ್ಲಿ ಕಂಡುಹಿಡಿದ ನೈಲಾನ್ ಬೆಣೆ. ಉಳಿಗಳಿಗೆ ರಂಧ್ರ ಕೊರೆದ ಪಟ್ಟಿ, ಗರಗಸಕ್ಕೆ ಗೂಟ, ಮೂಲೆಮಟ್ಟಕ್ಕೆ ಮೊಳೆ. ಅಡುಗೆಮನೆಯ ಸೌಟು, ಜಾಲರಿಗಳ ಸಾಲನ್ನು ಓರಣವಾಗಿಡುವ ಗೃಹಿಣಿಗೆ ಇದು ಹೊಸ ವಿದ್ಯೆಯಲ್ಲ: ದಿನವೂ ಬೇಕಾದದ್ದು ಕೈಗೆಟುಕುವಲ್ಲಿ, ಅಪರೂಪದ್ದು ಮೇಲೆ, ಭಾರವಾದದ್ದು ಕೆಳಗೆ.

ಎಚ್ಚರಿಕೆಯ ಮಾತುಗಳೂ ಇವೆ. ಮರದ ಹುಡಿ ನಿರಪಾಯಕಾರಿಯಲ್ಲ; ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಅದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬೀಚ್, ಓಕ್ ಮರಗಳ ಹುಡಿಗೂ ಮೂಗಿನ ಕ್ಯಾನ್ಸರಿಗೂ ಸಂಬಂಧವಿದೆ. ಮುಖಗವಸು, ಹುಡಿ ಹೀರುವ ಯಂತ್ರ ಎರಡೂ ಬೇಕು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಬೇಕು. ಇನ್ನು ಭಾನುವಾರ ಸುತ್ತಿಗೆಯ ಸದ್ದು ಕೂಡದು. ಭಾನುವಾರದ ವಿಶ್ರಾಂತಿಗೆ ಈ ದೇಶದ ಸಂವಿಧಾನದಲ್ಲಿಯೇ ರಕ್ಷಣೆಯಿದೆ. ಆ ದಿನ ಉಳಿ ಮಸೆಯುವುದು ನಮ್ಮ ಮನೆಯ ಪದ್ಧತಿ.

ಮಗಳು 2023ರಲ್ಲಿ ತರಬೇತಿ ಮುಗಿಸಿದಳು. ಪರೀಕ್ಷೆಗೆ ಅವಳು ಮಾಡಿದ್ದು ಒಂದು ಬರೆಯುವ ಮೇಜು. ಅದನ್ನು ಮೊದಲು ಮುಟ್ಟಿ ನೋಡಿದವರು ಅವಳಪ್ಪ. ಆ ಸಂದರ್ಭದಲ್ಲಿ ಅವಳು ನಮಗೆ ನ್ಯೂರ್ನ್‌ಬೆರ್ಗ್‌ನ ಒಂದು ಹಳೆಯ ಗ್ರಂಥದ ಚಿತ್ರಗಳನ್ನು ತೋರಿಸಿದಳು. 1388ರಲ್ಲಿ ಕೊನ್ರಾಡ್ ಮೆಂಡೆಲ್ ಎಂಬ ವರ್ತಕ ಮುದಿತನದಲ್ಲಿ ಆಸರೆಯಿಲ್ಲದ ಹನ್ನೆರಡು ಮಂದಿ ಕುಶಲಕರ್ಮಿಗಳಿಗಾಗಿ ಒಂದು ವಸತಿಯನ್ನು ಸ್ಥಾಪಿಸಿದನು. ಸುಮಾರು 1425ರಿಂದ ಅಲ್ಲಿನ ಒಬ್ಬೊಬ್ಬ ವೃದ್ಧನನ್ನೂ ಅವನ ಕಸುಬಿನ ಭಂಗಿಯಲ್ಲಿ ಚಿತ್ರಿಸಿ ಹೆಸರು ಬರೆದಿಡುವ ಪದ್ಧತಿ ಬೆಳೆಯಿತು. ಬಡಗಿ, ಕಮ್ಮಾರ, ಚಮ್ಮಾರ ಎಲ್ಲರೂ ಅದರಲ್ಲಿದ್ದಾರೆ. ಪೀಠದ ಮುಂದೆ ನಿಂತು ಉಜ್ಜುಗೊರಡು ಹಿಡಿದವನೂ ಇದ್ದಾನೆ. ನಮ್ಮ ನಾಡಿನಲ್ಲಿಯೂ ಬೇಲೂರಿನ ಕಲ್ಲಿನಲ್ಲಿ ದಾಸೋಜನ ಹೆಸರಿದೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಆಗ ಮಗಳು ಸಹಜವಾಗಿ ಕೇಳಿದಳು: “ಅಮ್ಮ, ನಿನ್ನ ಮಂಚ ಮಾಡಿದವರ ಹೆಸರೇನು?”

ನನಗೆ ತಿಳಿದಿರಲಿಲ್ಲ. ಮೂರು ತಿಂಗಳು ನಮ್ಮ ಮನೆಯ ಮುಂದೆ ಕುಳಿತವರನ್ನು ನಾವೆಲ್ಲ “ಆಚಾರಿ” ಎಂದೇ ಕರೆದಿದ್ದೆವು.

ಅದೇ ಡಿಸೆಂಬರಿನಲ್ಲಿ ಊರಿಗೆ ಹೋದಾಗ ವಿಚಾರಿಸಿ ಅವರ ಮನೆಗೆ ಹೋದೆ. ಆಚಾರಿಯವರು ತೀರಿಕೊಂಡು ಹಲವು ವರ್ಷಗಳಾಗಿದ್ದವು. ಅವರ ಸೊಸೆ ಕಾಫಿ ಕೊಟ್ಟರು. ಮನೆಮಂದಿ ಕುಡಿಯುವ ಲೋಟದಲ್ಲಿಯೇ ಕೊಟ್ಟರು. ಕುಡಿಯುವಾಗ ನನ್ನ ಕಣ್ಣು ತುಂಬಿತು. ಹೊರಡುವಾಗ ಅವರ ಮಾವನ ಹೆಸರನ್ನು ಕೇಳಿ ಬರೆದುಕೊಂಡೆ. ಅವರ ಮಗ ಈಗ ಬೆಂಗಳೂರಿನಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾರೆ. ಅಪ್ಪನ ಬಾಚಿ ಮಾತ್ರ ಮನೆಯ ಅಟ್ಟದಲ್ಲಿದೆ.

ಎರ್ಲಾಂಗೆನ್ನಿಗೆ ಹಿಂತಿರುಗಿದ ಮೇಲೆ ಮಗಳು ನಮ್ಮ ಪೀಠದ ಅಡಿಭಾಗದಲ್ಲಿ ಆ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಕೆತ್ತಿದಳು. ಕನ್ನಡ ಬರೆಯಲು ಅಷ್ಟಾಗಿ ಬಾರದ ಅವಳಿಗೆ ಒತ್ತಕ್ಷರವನ್ನು ನಾನು ಸೀಸದ ಕಡ್ಡಿಯಿಂದ ಗೀಚಿ ತೋರಿಸಿದೆ. ಅವಳು ಅದರ ಮೇಲೆ ಉಳಿ ನಡೆಸಿದಳು. ಅದರ ಕೆಳಗೆ ಅವಳ ಹೆಸರು, ಅದರ ಕೆಳಗೆ ನನ್ನದು.

ಸಮ್ಮೇಳನಕ್ಕೆ ಬಂದಿರುವ ಸೋದರ ಸೋದರಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೂ ಊರಿನಿಂದ ಬಂದ ತೊಟ್ಟಿಲೋ, ಮಣೆಯೋ, ದೇವರ ಮಂಟಪವೋ ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಮಾಡಿದವರ ಹೆಸರನ್ನು ಕೇಳಿ ತನ್ನಿ. ಹಿರಿಯರು ಇನ್ನೂ ನೆನಪಿಟ್ಟಿರುವಾಗಲೇ ಬರೆದಿಡಿ.