ರನ್ನ ಯಾವ ಮುಧೋಳದವನು?: ಗಡಿನಾಡಿನ ಕನ್ನಡ ತರಗತಿಯ ರಸಪ್ರಶ್ನೆ ಮತ್ತು ಅರ್ಥಪಲ್ಲಟ

ಭಾಷಾ ತರಗತಿಯಲ್ಲಿ ಸಾಮಾನ್ಯಜ್ಞಾನದ ರಸಪ್ರಶ್ನೆ ನಡೆಸುವುದು ಕನ್ನಡ ಅಧ್ಯಾಪಕರಿಗೆ ಪರಿಚಿತವಾದ ಕ್ರಮ. 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ' ಆರಂಭವಾದ ಮೇಲೆ ಇದಕ್ಕೆ ಮತ್ತಷ್ಟು ಮೆರುಗು ಬಂದಿತು. ಇಂಥ ಸಂದರ್ಭಗಳಲ್ಲಿ ನಗೆಯುಕ್ಕಿಸುವ ಉತ್ತರಗಳನ್ನು ಸಾಮಾನ್ಯವಾಗಿ ವಿದ್ಯಾರ್ಥಿಯ ಅಜ್ಞಾನದ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಆದರೆ ಅವುಗಳಲ್ಲಿ ಹಲವು ಅಜ್ಞಾನದಿಂದ ಹುಟ್ಟಿದವಲ್ಲ. ಎರಡು ಸೋದರಭಾಷೆಗಳ ಒಡನಾಟದಿಂದ ಹುಟ್ಟಿದವು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳ ಪರಿಸರವನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಮುಧೋಳ ತೆಲಂಗಾಣದ ಗಡಿಗೆ ಸಮೀಪವಾದುದು. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ಆಂಧ್ರಕ್ಕೆ ಸೇರಿದವು, ಸೇಡಂ ಮೈಸೂರು ರಾಜ್ಯಕ್ಕೆ ಬಂದಿತು. ಗೆರೆ ಬಿದ್ದುದು ನಕ್ಷೆಯಲ್ಲಿ. ಸಂತೆ, ನೆಂಟಸ್ತಿಕೆ, ಮಾತುಗಳಲ್ಲಿ ಅಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮತ್ತು ದಖನಿ ಉರ್ದು, ಪುಸ್ತಕದಲ್ಲಿ ಶಿಷ್ಟಗನ್ನಡ ಎಂಬ ಸ್ಥಿತಿ ಇಲ್ಲಿನ ಮಗುವಿಗೆ ಅಪೂರ್ವವೇನಲ್ಲ.

ರನ್ನನ ಹುಟ್ಟೂರು ಯಾವುದು ಎಂದು ಇಲ್ಲಿ ಕೇಳಿದರೆ 'ನಮ್ಮೂರೇ, ಸರ್' ಎಂಬ ಉತ್ತರ ಬರುವುದು ಅತ್ಯಂತ ಸಹಜ. ಕವಿಯ ಮುಧೋಳ, ಅಂದರೆ ಹಿಂದಿನ ಮುದುವೊಳಲು, ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಬೇಟೆನಾಯಿಗಳಿಗೆ ಹೆಸರಾದುದೂ ಅದೇ. ಹೀಗಿದ್ದರೂ ಬರವಣಿಗೆಯ ಪರೀಕ್ಷೆಯಲ್ಲಿ 'ಮುಧೋಳ' ಎಂದು ಬರೆದ ಹುಡುಗನಿಗೆ ಪೂರ್ಣ ಅಂಕ ದೊರೆಯುತ್ತದೆ. ಅವನ ಮನಸ್ಸಿನಲ್ಲಿ ಯಾವ ಊರಿತ್ತೆಂಬುದು ಉತ್ತರಪತ್ರಿಕೆಗೆ ತಿಳಿಯುವುದಿಲ್ಲ. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ರನ್ನನಿಗೆ ಆಶ್ರಯ ನೀಡಿದ ಚಾಲುಕ್ಯ ತೈಲಪ 973ರಲ್ಲಿ ರಾಷ್ಟ್ರಕೂಟರನ್ನು ಕೆಡವಿ ಅಧಿಕಾರಕ್ಕೆ ಬಂದವನು. ಅವನ ಆಳ್ವಿಕೆಯ ಕೇಂದ್ರ ಮಾನ್ಯಖೇಟ. ರಾಜಧಾನಿ ಕಲ್ಯಾಣಕ್ಕೆ ಹೋದುದು ಅನಂತರ. ಆ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಹುಟ್ಟೂರಿನ ಮಟ್ಟಿಗೆ ಹುಡುಗ ತಪ್ಪಿದರೂ, ಕವಿಯ ಅರಸನ ನೆಲೆಯನ್ನು ತನ್ನ ತಾಲ್ಲೂಕಿನಲ್ಲಿಯೇ ತೋರಿಸಬಲ್ಲ!

ಊರ ಹೆಸರಿಗಿಂತ ಪದಗಳ ಗೊಂದಲ ಹೆಚ್ಚು ಫಲವತ್ತಾದುದು. 'ಎದ್ದು ಉತ್ತರ ಹೇಳು' ಎಂದು ಅಧ್ಯಾಪಕರು ಹೇಳಿದಾಗ ತೆಲುಗು ಮನೆಮಾತಿನ ಮಗು ನಗುವುದಕ್ಕೆ ಕಾರಣವಿದೆ. ತೆಲುಗಿನಲ್ಲಿ 'ಎದ್ದು' ಎಂದರೆ ಎತ್ತು. ಕನ್ನಡದ 'ಎತ್ತು', ತೆಲುಗಿನ 'ಎದ್ದು' ಒಂದೇ ಮೂಲದ ರೂಪಗಳು. ಸಾಮಂತರು ರಾಷ್ಟ್ರಕೂಟ ಚಕ್ರವರ್ತಿಗೆ ಏನನ್ನು ಒಪ್ಪಿಸುತ್ತಿದ್ದರು ಎಂಬ ಪ್ರಶ್ನೆಗೆ 'ಕಪ್ಪ' ಎಂಬುದು ಸರಿಯುತ್ತರ. ತೆಲುಗು ಕಿವಿಗೆ ಅದು ಕಪ್ಪೆ. ಅರಮನೆಯ ಅಂಗಳದಲ್ಲಿ ಸಾಮಂತರು ಕಪ್ಪೆಗಳನ್ನು ಹೊತ್ತು ನಿಂತ ದೃಶ್ಯ ಮಗುವಿನ ಕಣ್ಣಮುಂದೆ ಬಂದರೆ ಅದನ್ನು ದೂರುವಂತಿಲ್ಲ. ಕನ್ನಡದ ಪದಾಂತ್ಯದ ಎಕಾರಕ್ಕೆ ತೆಲುಗಿನಲ್ಲಿ ಅಕಾರ ಬರುವುದನ್ನು ತಲೆ–ತಲ, ಅಲೆ–ಅಲ ಮುಂತಾದ ಜೋಡಿಗಳೂ ತೋರಿಸುತ್ತವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದೇ ಎಕಾರ ಇಕಾರವಾಗಿ 'ಕಪ್ಪಿ', 'ತಲಿ' ಎಂದಾಗುತ್ತದೆ. ಹೀಗೆ ಒಂದೇ ಬೆಂಚಿನಲ್ಲಿ ಕಪ್ಪ, ಕಪ್ಪಿ, ಕಪ್ಪೆ ಎಂಬ ಮೂರು ರೂಪಗಳು ಒಟ್ಟಿಗೆ ಕುಳಿತಿರಲು ಸಾಧ್ಯ.

ರಾಷ್ಟ್ರೀಯ ಪ್ರಾಣಿ ಯಾವುದೆಂಬ ಪ್ರಶ್ನೆಗೆ 'ಪುಲಿ' ಎಂದ ಮಗುವನ್ನು ನೋಡಿ ತರಗತಿ ನಗಬಹುದು. ಕನ್ನಡ ಅಧ್ಯಾಪಕರು ನಗುವುದು ಮಾತ್ರ ಕಷ್ಟ. ತೆಲುಗಿನಲ್ಲಿ ಇಂದೂ ಉಳಿದಿರುವ ಆ ರೂಪ ಹಳಗನ್ನಡದ್ದೂ ಹೌದು. ಪುಲಿ–ಹುಲಿ, ಪಾಲ್–ಹಾಲು ಎಂಬ ಪಕಾರ-ಹಕಾರ ವ್ಯತ್ಯಾಸ ಹತ್ತನೆಯ ಶತಮಾನದ ಸುಮಾರಿಗೆ ಕಾಣಿಸಿಕೊಂಡು ಮುಂದಿನ ಶತಮಾನಗಳಲ್ಲಿ ವ್ಯಾಪಿಸಿತು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನ ಎಲ್ಲೆಯನ್ನು ಗುರುತಿಸುವಾಗ ಹೆಸರಿಸುವ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದ ಹಳೆಯ ಹೆಸರಿನಲ್ಲಿ, ಇರುವುದು ಅದೇ ಪದ. ಪದವಿ ತರಗತಿಯಲ್ಲಿ ಸೂತ್ರವಾಗಿ ಕಲಿಸುವ ಧ್ವನಿವ್ಯತ್ಯಾಸದ ಒಂದು ತುದಿ ಈ ಮಗುವಿನ ನಾಲಗೆಯ ಮೇಲೆಯೇ ಇದೆ. ಅದನ್ನು 'ತಪ್ಪು' ಎಂದು ಹೊಡೆದುಹಾಕಿದರೆ ಮಗು ಮುಂದಿನ ಪ್ರಶ್ನೆಗೆ ಬಾಯಿ ತೆರೆಯದು. ಹಳಗನ್ನಡ ತನಗೆ ಸಂಬಂಧಿಸಿದ್ದಲ್ಲವೆಂದೂ ಭಾವಿಸುತ್ತದೆ.

ತಪ್ಪುತಿಳಿವಳಿಕೆ ವಿದ್ಯಾರ್ಥಿಗಳ ಕಡೆಗೆ ಮಾತ್ರ ಸೀಮಿತವೂ ಅಲ್ಲ. ಕವಿರಾಜಮಾರ್ಗದ ಕರ್ತೃ ನೃಪತುಂಗನೆಂದು ಹಿಂದಿನ ಪ್ರಶ್ನಸಂಗ್ರಹವನ್ನು ನಂಬಿದ ಅಧ್ಯಾಪಕರು 'ಶ್ರೀವಿಜಯ' ಎಂಬ ಉತ್ತರಕ್ಕೆ ಸೊನ್ನೆ ಕೊಡುವ ಅಪಾಯವಿದೆ. ಮಳಖೇಡ ಯಾವುದಕ್ಕೆ ಪ್ರಸಿದ್ಧ ಎಂದು ಕೇಳಿ 'ರಾಷ್ಟ್ರಕೂಟರ ರಾಜಧಾನಿ' ಎಂಬುದೊಂದನ್ನೇ ನಿರೀಕ್ಷಿಸುವುದೂ ಇಂಥದೇ. 'ಸಿಮೆಂಟಿಗೆ' ಎಂದವನು ನಿತ್ಯ ಕಾಣುವ ಕಾರ್ಖಾನೆಯನ್ನು ಹೇಳುತ್ತಾನೆ. 'ಟೀಕಾಚಾರ್ಯರ ಬೃಂದಾವನಕ್ಕೆ' ಎಂದವಳು ಜಯತೀರ್ಥರನ್ನು ನೆನೆಯುತ್ತಾಳೆ. ಮೂರೂ ನಿಜ. ಬೇರೆ ಮುಧೋಳವನ್ನು ಮನಸ್ಸಿನಲ್ಲಿಟ್ಟು ಬರೆದವನಿಗೆ ಅಂಕ, ಕಣ್ಣಾರೆ ಕಂಡುದನ್ನು ಹೇಳಿದವನಿಗೆ ಸೊನ್ನೆ ಎಂಬುದು ಈ ಮೌಲ್ಯಮಾಪನದ ವಿಪರ್ಯಾಸ.

ಪ್ರಶ್ನೆಯ ಮಾತು ಬದಲಾದರೆ ಬಹಳಷ್ಟು ಗೊಂದಲ ತಾನಾಗಿ ಕರಗುತ್ತದೆ. 'ಮಳಖೇಡ ಹತ್ತನೆಯ ಶತಮಾನದಲ್ಲಿ ಯಾವ ರಾಜವಂಶದ ರಾಜಧಾನಿಯಾಗಿತ್ತು?' ಎಂದು ಕಾಲವನ್ನೂ ಸೇರಿಸಬಹುದು. ಆಗಲೂ 973ರ ಅನಂತರ ಎಂದಾದರೆ ಚಾಲುಕ್ಯರನ್ನು ಒಪ್ಪಬೇಕಾಗುತ್ತದೆ. ಉತ್ತರ ವಿಚಿತ್ರವೆನಿಸಿದಾಗ 'ಹಾಗೆಂದರೆ ಮನೆಯಲ್ಲಿ ಏನರ್ಥ?' ಎಂದು ಒಮ್ಮೆ ಕೇಳಿ, ಬಂದ ಪದವನ್ನು ಕಪ್ಪುಹಲಗೆಯ ಒಂದು ಬದಿಯಲ್ಲಿ ಬರೆದಿಡುವುದಕ್ಕೆ ಹೆಚ್ಚು ಸಮಯ ಬೇಡ. ರನ್ನನ ಪ್ರಶ್ನೆಗಂತೂ ಜಿಲ್ಲೆಯ ಹೆಸರು ಅನಿವಾರ್ಯ. ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ ಮತ್ತೊಂದು ಮುಧೋಳವಿದೆ.