ಎದೆ ಬಡಿತದ ಏರುಪೇರು: ಗುಳಿಗೆ ಸಾಕೇ, ಅಬ್ಲೇಷನ್ ಬೇಕೇ?

ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಹೃದಯದಲ್ಲೇ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹವು ಈ ಬಡಿತವನ್ನು ನಡೆಸುತ್ತದೆ. ಅದು ದಾರಿ ತಪ್ಪಿದಾಗ ಎದೆ ಡವಗುಟ್ಟುವುದು, ತಲೆಸುತ್ತು, ದಮ್ಮು ಕಾಣಿಸುತ್ತವೆ. ಯಾವ ಚಿಕಿತ್ಸೆ ಒಳ್ಳೆಯದು ಎಂಬುದು ಏರುಪೇರಿನ ಬಗೆಯನ್ನು ಅವಲಂಬಿಸಿದೆ.

1. ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ ವೇಗದ ಬಡಿತ (ಎಸ್‌ವಿಟಿ)
ಹೃದಯದಲ್ಲಿ ಹೆಚ್ಚುವರಿ ವಿದ್ಯುತ್ ದಾರಿ ಇರುವುದೇ ಸಾಮಾನ್ಯ ಕಾರಣ. ಗುಳಿಗೆ ಬಡಿತವನ್ನು ಹತೋಟಿಯಲ್ಲಿಡುತ್ತದೆ, ಆ ದಾರಿಯನ್ನು ಅಳಿಸುವುದಿಲ್ಲ. ಅಬ್ಲೇಷನ್‌ನಲ್ಲಿ ತೊಡೆಸಂದಿನ ರಕ್ತನಾಳದಿಂದ ತೆಳುವಾದ ನಳಿಕೆ ಸೇರಿಸಿ ಆ ಜಾಗವನ್ನಷ್ಟೇ ಸುಡುತ್ತಾರೆ; ಎದೆ ಕೊಯ್ಯುವುದಿಲ್ಲ. 100ರಲ್ಲಿ 90ಕ್ಕೂ ಹೆಚ್ಚು ರೋಗಿಗಳು ಗುಣವಾಗುತ್ತಾರೆ. ಅಪರೂಪಕ್ಕೆ ಸಹಜ ದಾರಿಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು.

2. ತಾಳ ತಪ್ಪಿದ ಬಡಿತ (ಏಟ್ರಿಯಲ್ ಫಿಬ್ರಿಲೇಷನ್)
ಇಲ್ಲಿ ಹೃದಯದ ಮೇಲಿನ ಕೋಣೆಗಳಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯವಿದೆ. 2,200ಕ್ಕೂ ಹೆಚ್ಚು ರೋಗಿಗಳಿದ್ದ 'ಕಬಾನಾ' ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಅಬ್ಲೇಷನ್ ಆದವರಲ್ಲಿ ತೊಂದರೆ ಮರುಕಳಿಸುವುದು ಕಡಿಮೆಯಾಗಿತ್ತು. ಆದರೆ ಸಾವು, ಲಕ್ವದಂಥ ಗಂಡಾಂತರಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅಬ್ಲೇಷನ್ ಆಯಿತೆಂದು ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವಾಗಿ ಬಿಡಬೇಡಿ. ಕೀಲುವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರಿಗೆ ಈಗಲೂ ವಾರ್ಫರಿನ್ ಮಾದರಿಯ ಗುಳಿಗೆಯೇ ಸೂಕ್ತ. ಅಂಥವರು ವೈದ್ಯರು ಹೇಳಿದ ದಿನ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಲೇಬೇಕು. ಸೊಪ್ಪಿನ ಪಲ್ಯ ಬಿಡಬೇಕಿಲ್ಲ. ಪ್ರತಿವಾರ ಒಂದೇ ಪ್ರಮಾಣದಲ್ಲಿ ತಿನ್ನಿರಿ.

3. ತೀರಾ ನಿಧಾನದ ಬಡಿತ
ಬಿ.ಪಿ. ಮುಂತಾದ ಗುಳಿಗೆಗಳಿಂದ ಹೀಗಾಗಿದೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ಹೃದಯದ ವಿದ್ಯುತ್ ದಾರಿಯೇ ಕೆಟ್ಟಿದ್ದರೆ ಗುಳಿಗೆಯಿಂದ ಪ್ರಯೋಜನವಿಲ್ಲ, ಪೇಸ್‌ಮೇಕರ್ ಬೇಕು.

ರೋಗಿಗಳ ಗಮನಕ್ಕೆ
• ಬಡಿತ ಏರಿದಾಗಲೇ ಹತ್ತಿರದಲ್ಲಿ ಇಸಿಜಿ ತೆಗೆಸಿರಿ. ಕಮಲಾಪುರದಿಂದ ಕಲಬುರಗಿಗೆ ಬರುವಷ್ಟರಲ್ಲಿ ಬಡಿತ ಸರಿಹೋದರೆ ರೋಗದ ಗುರುತು ಸಿಗುವುದಿಲ್ಲ. ಕಮಲಾಪುರದಲ್ಲೇ ತೆಗೆಸಿದ ಇಸಿಜಿ ಕಾಗದವನ್ನು ಜೋಪಾನವಾಗಿಟ್ಟು ಹೃದ್ರೋಗ ತಜ್ಞರಿಗೆ ತೋರಿಸಿರಿ.
• ಹೃದ್ರೋಗ ತಪಾಸಣೆಗೆ ಈಗ ಬೆಂಗಳೂರಿಗೇ ಹೋಗಬೇಕಿಲ್ಲ. ಕಲಬುರಗಿಯ ಜಯದೇವ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ.
• ಸೇವಿಸುತ್ತಿರುವ ಎಲ್ಲ ಗುಳಿಗೆ, ಹಳೆಯ ಚೀಟಿ, ಆಯುಷ್ಮಾನ್ ಕಾರ್ಡ್ ತಪ್ಪದೆ ತನ್ನಿರಿ.
• ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ ಅಥವಾ ಕೈಕಾಲಿನ ಬಲ ಹೋದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ.