ಕೊಳವೆ ಖಾಲಿ ಇರುವ ಹೊತ್ತಿನಲ್ಲಿ

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದವರು ವಾಂತಿಭೇದಿಯಿಂದ ನರಳಿ ಆಸ್ಪತ್ರೆ ಸೇರಿದರು. ಅಸ್ವಸ್ಥರ ಸಂಖ್ಯೆ ನೂರು ದಾಟಿತು. ಕೆಲವರು ಮನೆಗೆ ಮರಳಲೇ ಇಲ್ಲ. ಅದರ ಹಿಂದಿನ ವರ್ಷ, 2022ರ ಬೇಸಿಗೆಯ ಕೊನೆಯಲ್ಲಿ, ರಾಯಚೂರು ನಗರವೂ ಇಂಥದೇ ಸಂಕಟವನ್ನು ಅನುಭವಿಸಿತ್ತು. ಪರಿಹಾರದ ಘೋಷಣೆ, ಅಮಾನತು, ತನಿಖೆಯ ಆದೇಶಗಳು ಬಂದವು. ಕೆಲವು ವಾರಗಳಲ್ಲಿ ಸುದ್ದಿ ಹಳತಾಯಿತು. ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ನಮ್ಮ ಸಣ್ಣ ನಗರಗಳ ನಲ್ಲಿ ನೀರು ಇಂದು ಕುಡಿಯಲು ಯೋಗ್ಯವೆಂದು ದಿನದಿನವೂ ಖಚಿತಪಡಿಸುವವರು ಯಾರು?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಸೇವೆಯಲ್ಲಿದ್ದಾಗ ಒಂದು ಸಣ್ಣ ಊರಿನ ನೀರು ಸರಬರಾಜಿನ ತಪಾಸಣೆಗೆ ಹೋಗಿದ್ದೆ. ಕ್ಲೋರಿನ್ ಪರೀಕ್ಷೆಯ ವಹಿಯನ್ನು ತರಿಸಿ ನೋಡಿದೆ. ತಿಂಗಳ ಮೂವತ್ತು ದಿನವೂ 0.2 ಎಂಬ ಒಂದೇ ಅಂಕಿ, ಒಂದೇ ಶಾಯಿ, ಒಂದೇ ಕೈಬರಹ. ಪರೀಕ್ಷೆಯ ದ್ರಾವಣವನ್ನು ತೋರಿಸಿ ಎಂದರೆ ಸೀಸೆ ಒಣಗಿತ್ತು. ನಾನು ಷರಾ ಬರೆದು ವಿವರಣೆ ಕೇಳಿದೆ, ವಿವರಣೆ ಬಂತು, ಕಡತ ಮುಕ್ತಾಯವಾಯಿತು. ಅಷ್ಟರಲ್ಲಿ ನನಗೂ ವರ್ಗವಾಯಿತು. ಆ ಸೀಸೆ ಮತ್ತೆ ತುಂಬಿತೇ ಎಂದು ನಾನು ವಿಚಾರಿಸಲಿಲ್ಲ. ಈ ಲೋಪವನ್ನು ಇಂದು ಒಪ್ಪಿಕೊಳ್ಳಲೇಬೇಕು.

ಆ 0.2 ಎಂಬುದು ಸಾಮಾನ್ಯ ಅಂಕಿಯಲ್ಲ. ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡದಂತೆ (ಐಎಸ್ 10500) 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲಿ ಬ್ಯಾಕ್ಟೀರಿಯಾ ಒಂದೂ ಕಾಣಿಸಕೂಡದು. ಕ್ಲೋರಿನ್ ಬೆರೆಸಿದ ನೀರು ಬಳಕೆದಾರರನ್ನು ತಲಪಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಈ ಉಳಿಕೆಯೇ ನೀರಿಗೆ ದಾರಿಯುದ್ದಕ್ಕೂ ಕಾವಲು.

ಆ ದಾರಿಯಾದರೂ ಎಂಥದು? ನಮ್ಮ ಅನೇಕ ಊರುಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ, ಕೆಲವೆಡೆ ವಾರಕ್ಕೊಮ್ಮೆ, ಒಂದೆರಡು ಗಂಟೆ ನೀರು ಬಿಡುತ್ತಾರೆ. ಉಳಿದ ಹೊತ್ತು ಕೊಳವೆ ಖಾಲಿ. ಮನೆಗಳಿಗೆ ಹೋಗುವ ಕೊಳವೆಗಳು ಎಷ್ಟೋ ಕಡೆ ಚರಂಡಿಯನ್ನು ದಾಟಿಯೇ ಹೋಗುತ್ತವೆ. ಒತ್ತಡವಿದ್ದಾಗ ಬಿರುಕಿನಿಂದ ನೀರು ಹೊರಕ್ಕೆ ಸೋರುತ್ತದೆ. ಒತ್ತಡ ಕುಸಿದಾಗ ಅದೇ ಬಿರುಕಿನಿಂದ ಕೊಳಚೆ ಒಳಕ್ಕೆ ಇಳಿಯುತ್ತದೆ. ಮನೆಯವರು ಪಂಪು ಹಚ್ಚಿ ಕೊಳವೆಯಿಂದ ನೇರವಾಗಿ ಹೀರತೊಡಗಿದರೆ ಕೊಳಚೆಗೆ ಇನ್ನೂ ಅನುಕೂಲ.

ಇದು ಊಹೆಯ ಮಾತಲ್ಲ. ಹುಬ್ಬಳ್ಳಿ–ಧಾರವಾಡ ಸಣ್ಣ ನಗರವೇನಲ್ಲವಾದರೂ ಅಲ್ಲಿ ದೊರೆತ ಪಾಠ ಎಲ್ಲ ಊರುಗಳಿಗೂ ಸಲ್ಲುತ್ತದೆ. ಆ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆದ ಬಳಿಕ, ಸಂಶೋಧಕರು ಒಂದು ವರ್ಷ ಕಾಲ ಎರಡೂ ಬಗೆಯ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಲಸಂಗ್ರಹಾಗಾರದಲ್ಲಿ ನೀರಿನ ಗುಣಮಟ್ಟ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ನಲ್ಲಿಗಳಲ್ಲಿ ಹಿಡಿದ ಮಾದರಿಗಳ ಪೈಕಿ, ನಿರಂತರ ಸರಬರಾಜು ಇದ್ದಲ್ಲಿ ಶೇ 0.7ರಲ್ಲಿ ಮಾತ್ರ ಇ-ಕೊಲಿ ಕಂಡಿತು. ಬಿಟ್ಟು ಬಿಟ್ಟು ನೀರು ಬರುವಲ್ಲಿ ಶೇ 31.7ರಲ್ಲಿ ಕಂಡಿತು. ಹೊರಡುವಾಗ ಸರಿಯಿದ್ದ ನೀರು ಹಾದಿಯಲ್ಲಿ ಕೆಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ನಿರಂತರ ನೀರು ಬಂದ ಮನೆಗಳವರೂ ಹಳೆಯ ರೂಢಿಯಂತೆ ಕುಡಿಯುವ ನೀರನ್ನು ಹಿಡಿದಿಡುತ್ತಿದ್ದರು. ಆ ಕೊಡಗಳಲ್ಲಿ ನೀರು ಮತ್ತೆ ಮಲಿನವಾಗುತ್ತಿತ್ತು ಎಂಬ ಅಂಶವೂ ಗಮನಾರ್ಹ.

ಹಾಗಿದ್ದರೆ ಈ ಬಗ್ಗೆ ನಗರಗಳಲ್ಲಿ ಕೂಗು ಏಳದಿರುವುದೇಕೆ? ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಇದಕ್ಕೆ ಉತ್ತರವೆನ್ನಬಹುದಾದ ವಿಚಾರವನ್ನು ಮಂಡಿಸಿದ್ದಾರೆ. ಸೇವೆ ಕೆಟ್ಟಾಗ ಜನರಿಗೆ ಎರಡು ದಾರಿ: ದನಿ ಎತ್ತುವುದು, ಇಲ್ಲವೇ ಹೊರನಡೆಯುವುದು. ಗಟ್ಟಿಯಾಗಿ ದನಿ ಎತ್ತಬಲ್ಲವರೇ ಮೊದಲು ಹೊರನಡೆದರೆ ಸೇವೆ ಇನ್ನಷ್ಟು ಕೆಡುತ್ತದೆ. ನಾವು, ಮಧ್ಯಮ ವರ್ಗದವರು, ಮಾಡಿರುವುದು ಇದನ್ನೇ. ಅಡುಗೆಮನೆಯ ಗೋಡೆಗೆ ಆರ್‌ಒ ಯಂತ್ರವನ್ನು ತಗುಲಿಹಾಕಿ, ಇಪ್ಪತ್ತು ಲೀಟರಿನ ಕ್ಯಾನ್ ತರಿಸಿಕೊಂಡು, ನಗರಸಭೆಯ ಗೊಡವೆಯನ್ನೇ ಬಿಟ್ಟಿದ್ದೇವೆ. ನನ್ನ ಮನೆಯಲ್ಲೂ ಅಂಥ ಯಂತ್ರವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳಿಗೆ ಟೈಫಾಯ್ಡ್ ಬಂತು. ಅದು ನೀರಿನಿಂದಲೇ ಬಂತೆಂದು ಹೇಳಲಾರೆ. ಆದರೆ ಅವರ ಓಣಿಗೂ ನಮ್ಮ ಬೀದಿಗೂ ನೀರು ಬಿಡುವ ವಾಲ್ವ್ ಒಂದೇ ಎಂಬುದು ಆ ದಿನ ನನಗೆ ಮೊದಲ ಬಾರಿಗೆ ತಿಳಿಯಿತು.

ಸಣ್ಣ ನಗರಕ್ಕೆ ಇದು ಅಸಾಧ್ಯವೆಂಬ ವಾದ ನಿಲ್ಲುವುದಿಲ್ಲ. ಸುಮಾರು ಎರಡೂವರೆ ಲಕ್ಷ ಜನರಿರುವ ಒಡಿಶಾದ ಪುರಿಯಲ್ಲಿ 2021ರ ಜುಲೈನಲ್ಲಿ, ನಲ್ಲಿಯಿಂದಲೇ ಕುಡಿಯಬಹುದಾದ ನೀರನ್ನು ದಿನದ 24 ಗಂಟೆಯೂ ಕೊಡುವ ಯೋಜನೆ ಉದ್ಘಾಟನೆಯಾಯಿತು. ಕೊಳವೆ ಜಾಲವನ್ನು ಬದಲಾಯಿಸಲು ಹಣ ಬೇಕು, ಕಾಲ ಬೇಕು, ನಿಜ. ಆದರೆ ಪ್ರತಿ ವಾರ್ಡಿನ ಕೊನೆಯ ನಲ್ಲಿಯಲ್ಲಿ ನೀರು ಬಿಟ್ಟ ದಿನವೆಲ್ಲ ಕ್ಲೋರಿನ್ ಪರೀಕ್ಷಿಸಿ, ಬಂದ ಅಂಕಿಯನ್ನು ಅದೇ ಬೀದಿಯ ಫಲಕದಲ್ಲಿ ಬರೆಯುವುದಕ್ಕೆ ಕೋಟಿಗಳು ಬೇಕಿಲ್ಲ. ಪರೀಕ್ಷಾ ನಳಿಕೆಯ ನೀರಿಗೆ ದ್ರಾವಣದ ಕೆಲವು ಹನಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ನೀರು ಹಳದಿಗೆ ತಿರುಗುತ್ತದೆ. ಕಚೇರಿಯ ವಹಿಯಲ್ಲಿ ಸುಳ್ಳು ಬರೆಯುವುದು ಸುಲಭ. ನೀರು ಹಿಡಿಯಲು ನಿಂತ ಹತ್ತು ಜನರೆದುರು ಬರೆಯುವುದು ಕಷ್ಟ.

ಮೊನ್ನೆ ನಾನೇ ಆ ದ್ರಾವಣವನ್ನು ತರಿಸಿ, ನಮ್ಮ ವಾಲ್ವಿನ ಕೊನೆಯಲ್ಲಿರುವ ಆಕೆಯ ಓಣಿಯ ನಲ್ಲಿಯಲ್ಲಿ ನೀರು ಹಿಡಿದು ನೋಡಿದೆ. ಹಳದಿ ಬಣ್ಣ ಬರಲಿಲ್ಲ. ಓಣಿಯವರ ಸಹಿಯೊಂದಿಗೆ ನಗರಸಭೆಗೆ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಕಡತಗಳು ಹೇಗೆ ಮುಕ್ತಾಯವಾಗುತ್ತವೆಂದು ಬಲ್ಲವನು ನಾನು. ಈ ಕಡತ ಹಾಗೆ ಮುಗಿಯಲು ಬಿಡಬಾರದೆಂದಿದ್ದೇನೆ.